ಚರ್ಚೆ ನಡೆಸುವುದನ್ನು ಶಿಕ್ಷಕರಿಗೆ ಕಲಿಸುವುದು ಹೇಗೆ?

ತರಗತಿಯಲ್ಲಿ ಚರ್ಚೆ ನಡೆಸುವುದು ಹೇಗೆ ಅಂತ ಶಿಕ್ಷಕರನ್ನು ಸಾಲಾಗಿ ಕೂರಿಸಿ ಮೂರು ಗಂಟೆ ಭಾಷಣ ಮಾಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮೊದಲ ದಿನವೇ ಕುರ್ಚಿಗಳನ್ನು ದುಂಡಗೆ ಹಾಕಿ, ಅವರನ್ನೇ ವಿದ್ಯಾರ್ಥಿಗಳನ್ನಾಗಿ ಮಾಡಿ, ಒಂದು ಪ್ರಶ್ನೆ ಎಸೆದು ನೀವು ಸುಮ್ಮನಾಗಿ. ಯಾರು ಎಲ್ಲರ ಮಾತನ್ನೂ ಕಸಿದುಕೊಂಡರು, ಯಾರು ಕೊನೆಯವರೆಗೂ ಬಾಯೇ ಬಿಡಲಿಲ್ಲ ಅನ್ನುವುದು ಅರ್ಧ ಗಂಟೆಯಲ್ಲಿ ಅವರಿಗೇ ಕಾಣುತ್ತದೆ.

ಆಮೇಲೆ ಪ್ರಶ್ನೆ ತಯಾರಿಸುವ ಕೆಲಸ. ಆವಿ ತಣಿದು ನೀರಾಗುವುದರ ಬಗ್ಗೆ 'ಸಾಂದ್ರೀಕರಣ ಎಂದರೇನು?' ಅಂತ ಕೇಳಿದರೆ ಒಬ್ಬ ಹುಡುಗ ಪುಸ್ತಕದ ಸಾಲು ಒಪ್ಪಿಸುತ್ತಾನೆ, ಅಲ್ಲಿಗೆ ಮುಗಿಯಿತು. ಅದೇ ಐಸ್ ಹಾಕಿದ ಲೋಟವನ್ನು ಮೇಜಿನ ಮೇಲಿಟ್ಟು 'ಹೊರಗಡೆ ಈ ಹನಿ ಎಲ್ಲಿಂದ ಬಂತು?' ಅಂತ ಕೇಳಿ. ಒಳಗಿಂದ ಸೋರಿತು ಅಂತ ಒಬ್ಬಳು, ಗಾಳಿಯಿಂದ ಬಂತು ಅಂತ ಇನ್ನೊಬ್ಬ. ಹಾಗಾದರೆ ನೀರಿಗೆ ಬಣ್ಣ ಹಾಕಿ ನೋಡೋಣ ಅಂತ ಮೂರನೆಯವನು. ಚರ್ಚೆ ಶುರುವಾಯಿತಲ್ವಾ? ಪ್ರತಿ ಶಿಕ್ಷಕರೂ ತಮ್ಮ ಪಾಠದಿಂದ ಇಂಥ ಎರಡು ಪ್ರಶ್ನೆ ಬರೆಯಲಿ. ಉಳಿದವರು ಅದಕ್ಕೆ ಉತ್ತರಿಸಿ ನೋಡಲಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ನಿಜವಾಗಿ ಕಷ್ಟ ಇರುವುದು ಕಾಯುವುದರಲ್ಲಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು 1 ಸೆಕೆಂಡ್ ಕಾದು ಮತ್ತೆ ಬಾಯಿ ಹಾಕುತ್ತಿದ್ದರು. 3 ಸೆಕೆಂಡ್ ಕಾದಲ್ಲಿ ಉತ್ತರಗಳು ಉದ್ದವಾದವು, ಹಿಂದುಳಿದವರು ಅನ್ನಿಸಿಕೊಂಡ ಮಕ್ಕಳೂ ಜಾಸ್ತಿ ಮಾತಾಡಿದರು. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಕೇಳಲು ಸುಲಭ, ಆದರೆ ಆ 3 ಸೆಕೆಂಡಿನ ಮೌನ ಯುಗದಷ್ಟು ಉದ್ದ ಅನ್ನಿಸುತ್ತದೆ, ಅದಕ್ಕೇ ಜೋಡಿ ಮಾಡಿ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ.

ಜೊತೆಗೆ 'ವೆರಿ ಗುಡ್' ಅನ್ನುವ ಚಟ ಬಿಡಿಸಿ. ಒಬ್ಬರಿಗೆ ವೆರಿ ಗುಡ್ ಅಂದ ತಕ್ಷಣ ಉಳಿದವರು ಕೈ ಇಳಿಸುತ್ತಾರೆ, ಸರಿ ಉತ್ತರ ಸಿಕ್ಕಿತಲ್ಲ! ಬದಲಿಗೆ 'ಯಾಕೆ ಹಾಗನ್ನಿಸಿತು?', 'ಅವಳು ಹೇಳಿದ್ದನ್ನು ನೀನು ಒಪ್ತೀಯಾ?' ಅನ್ನುವುದು ನಾಲಿಗೆಗೆ ಹತ್ತಬೇಕು.

ತರಗತಿಯಲ್ಲಿ 50 ಮಕ್ಕಳಿದ್ದರೆ? ಮೊದಲು ಒಬ್ಬರೇ ಯೋಚಿಸಿ, ಪಕ್ಕದವರ ಜೊತೆ ಮಾತಾಡಿ, ಆಮೇಲೆ ಎಲ್ಲರಿಗೂ ಹೇಳುವ ವಿಧಾನ ಸಾಕು. 1981ರಲ್ಲಿ ಫ್ರಾಂಕ್ ಲೈಮನ್ ಅನ್ನುವ ಅಮೆರಿಕದ ಶಿಕ್ಷಣತಜ್ಞ ತೋರಿಸಿಕೊಟ್ಟದ್ದು, ಖರ್ಚಿಲ್ಲ, ಬೆಂಚನ್ನೂ ಸರಿಸಬೇಕಿಲ್ಲ.

ಎಲ್ಲ ಪಾಠಕ್ಕೂ ಚರ್ಚೆ ಬೇಕು ಅಂತ ಮಾತ್ರ ಹಟ ಹಿಡಿಯಬೇಡಿ, ಮಗ್ಗಿಯನ್ನು ಚರ್ಚಿಸಿ ಕಲಿಯಲಾಗದು.

ತರಬೇತಿ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು, ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಮಾತು ಯಾರಿಂದ ಯಾರಿಗೆ ಹೋಯಿತು ಅಂತ ಗೆರೆ ಎಳೆಯಲಿ. ಗೆರೆಗಳೆಲ್ಲ ಶಿಕ್ಷಕರ ಹೆಸರಿನ ಮೂಲಕವೇ ಹಾದುಹೋಗಿದ್ದರೆ ಮುಂದಿನ ವಾರ ಬೇರೇನೂ ಬೇಡ, ಮತ್ತೆ ಕಾಯುವ ಅಭ್ಯಾಸವೇ.