ಅಂಗಳದಿಂದ ಹಿತ್ತಲಿಗೆ ದಾರಿ ಮಾಡಿದ್ದು

ನಮ್ಮ ಮನೆ ಮುಂದೆ ಹೂವಿನ ಅಂಗಳ, ಹಿಂದೆ ತರಕಾರಿ ಹಿತ್ತಲು. ನಡುವೆ ಬರೀ ಸಿಮೆಂಟ್ ಓಣಿ. ಎರಡು ಬೇರೆ ಮನೆಯವರ ತೋಟದ ಹಾಗೆ ಕಾಣುತ್ತಿತ್ತು. ಮೊದಲು ಓಣಿಯುದ್ದಕ್ಕೂ ಕುಂಡ ಇಟ್ಟೆ. ಓಡಾಡುವುದೇ ಕಷ್ಟವಾಯಿತು.

ಅಂಗಳದಲ್ಲಿ ನಿಂತರೆ ಹಿತ್ತಲು ಪೂರ್ತಿ ಕಾಣುತ್ತಿತ್ತು. ಹೋಗಿ ನೋಡುವ ಆಸೆ ಎಲ್ಲಿಂದ ಬರಬೇಕು? ಓಣಿಯ ಬಾಯಲ್ಲಿ 7 ಅಡಿ ಎತ್ತರದ ಬಿದಿರಿನ ಕಮಾನು ನಿಲ್ಲಿಸಿ ಶಂಖಪುಷ್ಪದ ಬಳ್ಳಿ ಹಬ್ಬಿಸಿದೆ. ಸಿಮೆಂಟ್ ಒಡೆಸಿ ಚಪ್ಪಡಿ ಕಲ್ಲು ಹಾಸಿದೆ, ದಾರಿ ಸ್ವಲ್ಪ ಬಾಗುವ ಹಾಗೆ. ಕಲ್ಲಿನ ನಡುವಿನಿಂದ ಮುಂದಿನ ಕಲ್ಲಿನ ನಡುವಿಗೆ 20 ಇಂಚು. ಅಮ್ಮನನ್ನು ನಡೆಸಿ, ಅವರ ಹೆಜ್ಜೆ ಅಳೆದೇ ಇಟ್ಟಿದ್ದು. ಸಂದಿಗಳಲ್ಲಿ ಒಂದೆಲಗ ನೆಟ್ಟಿದ್ದೇನೆ. ಮಳೆನೀರು ಈಗ ಅಲ್ಲೇ ಇಂಗುತ್ತದೆ, ಅಂಚಿನ ಎಲೆ ತಂಬುಳಿಗೂ ಆಗುತ್ತದೆ.

ಅಂಗಳದ ಕೆಂಪು ದಾಸವಾಳದ್ದೇ ಕಡ್ಡಿಯನ್ನು ಹಿತ್ತಲ ತುದಿಯಲ್ಲೂ ನೆಟ್ಟೆ. ಎರಡೂ ಕಡೆ ಒಂದೇ ಹೂವು ಕಂಡರೆ ಕಣ್ಣು ತಾನಾಗಿ ಜೋಡಿಸಿಕೊಳ್ಳುತ್ತೆ, ಅಲ್ವಾ?