ಟ್ಯಾರೋ ಎಲೆ: ಕೈಪಿಡಿ ಮುಚ್ಚಿಟ್ಟು ಓದುವುದು ಹೇಗೆ?

ಟ್ಯಾರೋ ಎಂದರೆ ಇಸ್ಪೀಟಿನಂಥ ಚಿತ್ರದ ಎಲೆ ಎತ್ತಿ, ಮನಸ್ಸಿನಲ್ಲಿರುವ ಪ್ರಶ್ನೆಗೆ ಅದರಲ್ಲಿ ಉತ್ತರ ಓದುವುದು. ಅದನ್ನು ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಎಲೆ ಎತ್ತಿದ ಕೂಡಲೇ ಕೈಪಿಡಿಗೋ ಮೊಬೈಲಿಗೋ ಕೈ ಹೋಗುತ್ತದೆ. ‘ಎಯ್ಟ್ ಆಫ್ ಕಪ್ಸ್ (ಎಂಟು ಲೋಟಗಳ ಎಲೆ): ತೊರೆದು ಹೋಗುವುದು’ ಎಂದು ಓದುತ್ತಾರೆ, ಕೆಲಸ ಬಿಡಲು ಸೂಚನೆ ಬಂತು ಎಂದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಎಲೆಯಲ್ಲಿ ಏನೇನಿತ್ತು ಎಂದು ಆಮೇಲೆ ಕೇಳಿದರೆ ‘ಲೋಟಗಳಿದ್ದವು’ ಎನ್ನುವುದರಾಚೆ ಮಾತು ಹೊರಡುವುದಿಲ್ಲ. ಇನ್ನೊಂದು ಗುಂಪಿನವರು ಎಲೆಯ ಮೇಲೊಮ್ಮೆ ಕಣ್ಣಾಡಿಸಿ, ತಲೆಗೆ ಬಂದದ್ದನ್ನೆಲ್ಲ ‘ಇಂಟ್ಯೂಷನ್’ (ಒಳಗಿನಿಂದ ಹೊಳೆದದ್ದು) ಎಂದು ಹೇಳಿಬಿಡುತ್ತಾರೆ. ಇಬ್ಬರೂ ಚಿತ್ರ ನೋಡಿರುವುದಿಲ್ಲ.

ಮೊದಲು ಡೆಕ್, ಅಂದರೆ ಎಲೆಗಳ ಕಟ್ಟಿನ ವಿಚಾರ. ಕಲಿಯುವವರು ರೈಡರ್–ವೇಟ್–ಸ್ಮಿತ್ ಡೆಕ್ಕನ್ನೇ ತೆಗೆದುಕೊಳ್ಳಿ, ಬೇರೆ ಬೇಡ. ಆರ್ಥರ್ ವೇಟ್ ರೂಪಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಈ ಡೆಕ್ 1909ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಇದರ 78 ಎಲೆಗಳಲ್ಲಿ 22 ಮೇಜರ್ (‘ಡೆತ್’ನಂಥ ಒಂದೊಂದು ಹೆಸರಿನವು), 56 ಮೈನರ್ (ಲೋಟ, ಕತ್ತಿಯಂಥ ನಾಲ್ಕು ಗುಂಪಿನವು). ಹಳೆಯ ಫ್ರೆಂಚ್ ಮಾರ್ಸೇ ಮಾದರಿಯ ಡೆಕ್‌ಗಳಲ್ಲಿ ಮೈನರ್‌ನ ಅಂಕಿ ಎಲೆಗಳಲ್ಲಿ ಇಸ್ಪೀಟಿನಂತೆ ಬರೀ ಲೋಟ, ಕತ್ತಿಗಳ ಸಾಲು ಇರುತ್ತದೆ. ಸ್ಮಿತ್ ಅವಕ್ಕೂ ಒಂದೊಂದು ದೃಶ್ಯ ಬರೆದರು. ನೋಡಲು ದೃಶ್ಯವೇ ಇಲ್ಲದ ಎಲೆಯಲ್ಲಿ ಕೆಳಗೆ ಹೇಳುವ ಕ್ರಮ ಅರ್ಧಕ್ಕೇ ನಿಲ್ಲುತ್ತದೆ.

ಎಲೆಯ ಅಳತೆ ಸುಮಾರು 7 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಇರಲಿ. ಬೆಂಕಿಪೆಟ್ಟಿಗೆಯಷ್ಟಿರುವ ಮಿನಿ ಡೆಕ್ ಬೇಡವೇ ಬೇಡ, ಮುಖ್ಯವಾದ ಗೆರೆಗಳೇ ಕಾಣುವುದಿಲ್ಲ. ಚಿನ್ನದ ಬಣ್ಣದ ಫಾಯಿಲ್ ಡೆಕ್‌ಗಳು ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯಾಗುತ್ತವೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ನಕಲಿಗಳಲ್ಲಿ ಚಿತ್ರದ ಅಂಚು ಕತ್ತರಿಸಿಹೋಗಿರುತ್ತದೆ, ಬಣ್ಣ ಕಲಸಿಹೋಗಿರುತ್ತದೆ. ಚಿತ್ರದ ಮೂಲೆಯಲ್ಲಿ ಸ್ಮಿತ್ ಹಾಕಿರುವ ಬಳ್ಳಿಯಂಥ ಸಹಿ ಸ್ಪಷ್ಟವಾಗಿ ಕಾಣುತ್ತದೆಯೇ ನೋಡಿ. ಅದು ಮಸುಕಾಗಿದ್ದರೆ ಉಳಿದ ಗೆರೆಗಳದೂ ಅದೇ ಗತಿ.

ಹಂತ 1. ಪ್ರಶ್ನೆಯನ್ನು ಬರೆಯಿರಿ. ‘ಆಗುತ್ತದೆಯೇ, ಇಲ್ಲವೇ’ ಎಂದು ಕೇಳಬೇಡಿ. ‘ಇದರಲ್ಲಿ ನಾನು ಏನನ್ನು ಗಮನಿಸುತ್ತಿಲ್ಲ’ ಎಂದು ಕೇಳಿ. ಅದರ ಕೆಳಗೆ, ನಿಮಗೆ ಯಾವ ಉತ್ತರ ಬಂದರೆ ಖುಷಿ, ಯಾವುದು ಬಂದರೆ ಭಯ ಎಂದು ಒಂದೊಂದು ಸಾಲು ಬರೆದು ಹಾಳೆ ಮಡಚಿಡಿ. ಇದನ್ನು ಎಲೆ ಎತ್ತುವ ಮೊದಲೇ ಮಾಡಬೇಕು. ಆಮೇಲೆ ಬರೆದರೆ ಉಪಯೋಗವಿಲ್ಲ.

ಹಂತ 2. ಕಲಸಿ, ಒಂದು ಎಲೆ ಎತ್ತಿ. ಧೂಪ, ಕರ್ಪೂರದ ಹೊಗೆಯಲ್ಲಿ ಡೆಕ್ ‘ಶುದ್ಧಿ’ ಮಾಡುವ ಅಗತ್ಯವೇನೂ ಇಲ್ಲ. ಹೊಗೆಯ ಜಿಡ್ಡಿಗೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಷ್ಟೆ. ತಲೆಕೆಳಗಾಗಿ ಬಂದರೆ ನೇರ ಮಾಡಿಕೊಳ್ಳಿ. ತಲೆಕೆಳಗಾದ ಎಲೆಗೆ ಬೇರೆ ಅರ್ಥ ಹೇಳುವ ಲೆಕ್ಕವೆಲ್ಲ ಮುಂದಕ್ಕೆ.

ಹಂತ 3. ಎಲ್ಲರೂ ಹಾರಿಸುವುದು ಇದನ್ನೇ. ನೋಟ್‌ಬುಕ್ಕಿನಲ್ಲಿ ಮೂರು ಕಂಬ (ಕಾಲಂ) ಎಳೆಯಿರಿ: ‘ಇದೆ’, ‘ಕಣ್ಣು ನಿಂತದ್ದು’, ‘ನನ್ನದು’. ಮೊಬೈಲಿನಲ್ಲಿ ಮೂರು ನಿಮಿಷದ ಟೈಮರ್ ಇಟ್ಟು, ಫೋನನ್ನು ಮಗುಚಿಡಿ.

ಮೊದಲ ಕಂಬಕ್ಕೆ ಹೋಗುವುದು ಎಲೆಯ ಮೇಲೆ ಬೆರಳಿಟ್ಟು ತೋರಿಸಬಹುದಾದದ್ದು ಮಾತ್ರ. ಮೇಲಿನ ಎಡ ಮೂಲೆಯಿಂದ ಶುರುಮಾಡಿ ಪ್ರದಕ್ಷಿಣೆ ಬಂದು, ಕೊನೆಗೆ ನಡುವಿಗೆ ಬನ್ನಿ. ನಡುವಿನಿಂದ ಶುರುಮಾಡಿದರೆ ಮೂಲೆಗಳು ಉಳಿದೇಹೋಗುತ್ತವೆ. ಎಯ್ಟ್ ಆಫ್ ಕಪ್ಸ್ ಬಂದಿದೆ ಎಂದುಕೊಳ್ಳಿ. ಆಕಾಶದಲ್ಲಿ ಮುಖವಿರುವ ಚಂದ್ರ, ನೋಟ ಕೆಳಕ್ಕೆ. ಬೆಟ್ಟ, ಬಂಡೆ, ನೀರು. ಕೆಂಪು ನಿಲುವಂಗಿ ಹೊದ್ದು ಕೋಲು ಹಿಡಿದು ಹೋಗುತ್ತಿರುವವನೊಬ್ಬ, ನಮಗೆ ಬೆನ್ನು. ಮುಂದೆ ಲೋಟಗಳು: ಕೆಳಗಿನ ಸಾಲಿನಲ್ಲಿ 5, ಮೇಲಿನ ಸಾಲಿನಲ್ಲಿ 3, ಆ ಮೂರರ ನಡುವೆ ಒಂದು ಲೋಟ ಹಿಡಿಯುವಷ್ಟು ಖಾಲಿ ಜಾಗ. ಎಲ್ಲವೂ ನೆಟ್ಟಗೆ ನಿಂತಿವೆ.

‘ದುಃಖದಲ್ಲಿರುವ ಮನುಷ್ಯ’ ಎಂದು ಬರೆದಿದ್ದರೆ ಹೊಡೆದುಹಾಕಿ. ಮುಖವೇ ಕಾಣದಿರುವಾಗ ದುಃಖ ಎಲ್ಲಿಂದ ಬಂತು? ‘ಚೆಲ್ಲಿದ ಲೋಟ’ ಎಂದು ಬರೆದವರೂ ಸಿಗುತ್ತಾರೆ. ಅದು ಫೈವ್ ಆಫ್ ಕಪ್ಸ್. ಕಪ್ಪು ನಿಲುವಂಗಿಯವನ ಮುಂದೆ ಮೂರು ಉರುಳಿ, ಹಿಂದೆ ಎರಡು ನಿಂತಿರುವ ಎಲೆ. ಎಲ್ಲೋ ಓದಿದ ನೆನಪು ಕಣ್ಣಿನ ಮುಂದಿರುವುದನ್ನು ಹೀಗೆ ಮರೆಸುತ್ತದೆ. ಹತ್ತು ಹನ್ನೆರಡು ವಸ್ತುಗಳಾದರೂ ಆಗಬೇಕು. ಐದಕ್ಕೇ ನಿಂತರೆ ಟೈಮರ್ ಮತ್ತೆ ಒತ್ತಿ.

ಎರಡನೇ ಕಂಬದಲ್ಲಿ ಒಂದೇ ಒಂದು ಸಂಗತಿ: ಬೇಡವೆಂದರೂ ಕಣ್ಣು ಮತ್ತೆ ಮತ್ತೆ ಹೋದ ಜಾಗ. ಎರಡು ಬರೆದರೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತೀರಿ. ಲೋಟಗಳ ನಡುವಿನ ಆ ಖಾಲಿ ಜಾಗದಲ್ಲೇ ಕಣ್ಣು ನಿಂತಿತು ಎನ್ನೋಣ. ಈಗ ಅದು ಏನು ಅರ್ಥ ಎಂದು ಕೇಳಬೇಡಿ, ಏನು ಮಾಡುತ್ತಿದೆ ಎಂದು ಕೇಳಿ. ‘ಒಂದು ಲೋಟ ಕಾಣೆಯಾಗಿದೆ’ ಎನ್ನಬಹುದು, ‘ಇನ್ನೊಂದಕ್ಕೆ ಜಾಗ ಬಿಟ್ಟಿದೆ’ ಎಂದೂ ಅನ್ನಬಹುದು. ಎರಡನ್ನೂ ಬರೆಯಿರಿ. ಒಂದು ಸಾಲನ್ನು ಬರೆಯುವಾಗ ಪೆನ್ನು ತುಸು ಹಿಂಜರಿದಿರುತ್ತದೆ, ಅಥವಾ ಪದ ಹುಡುಕದೆ ತಾನೇ ಓಡಿರುತ್ತದೆ. ಆ ಸಾಲಿಗೆ ಅಡಿಗೆರೆ ಹಾಕಿ. ಇಂಟ್ಯೂಷನ್‌ಗೆ ಇಡೀ ಕ್ರಮದಲ್ಲಿ ಇರುವ ಜಾಗ ಇದು.

ಮೂರನೇ ಕಂಬದಲ್ಲಿ ನಮ್ಮ ಮನೆ, ಊರಿನಿಂದ ಬಂದ ಸಾಮಾನು. ಈ ಎಲೆಯ ಚಂದ್ರನನ್ನು ಗ್ರಹಣವೆಂದು ಓದುವ ರೂಢಿ ಪಾಶ್ಚಾತ್ಯರಲ್ಲೂ ಇದೆ. ಆದರೆ ಗ್ರಹಣದ ದಿನ ನೀರು, ಅಡುಗೆಗೆ ದರ್ಭೆ ಹಾಕಿ, ಬಿಟ್ಟ ಮೇಲೆ ಸ್ನಾನ ಮಾಡುವ ಮನೆಯಲ್ಲಿ ಬೆಳೆದವರಿಗೆ ಅದು ಬರೀ ಆಕಾಶದ ಚಿತ್ರವಾಗಿ ಉಳಿಯುವುದಿಲ್ಲ. ‘ಕೆಟ್ಟ ಕಾಲ’ ಎಂದು ಮನಸ್ಸು ಆಗಲೇ ತೀರ್ಪು ಕೊಟ್ಟಿರುತ್ತದೆ. ಕೆಂಪು ನಿಲುವಂಗಿ, ಕೋಲು ಸೇರಿದರೆ ಸನ್ಯಾಸಿ ಕಾಣುತ್ತಾನೆ. ಇವು ತಪ್ಪಲ್ಲ, ಅಳಿಸಲೂ ಬೇಡಿ. ಆದರೆ ಎಲೆಯಿಂದ ಬಂದದ್ದಲ್ಲ, ನಿಮ್ಮಿಂದ ಬಂದದ್ದು ಎಂಬ ಗುರುತಿರಲಿ.

ಹಂತ 4. ಮಡಚಿಟ್ಟ ಹಾಳೆ ಬಿಚ್ಚಿ. ಅಡಿಗೆರೆ ಹಾಕಿದ ಸಾಲು ನಿಮ್ಮ ಆಸೆಗೋ ಭಯಕ್ಕೋ ಅಚ್ಚಿನಲ್ಲಿ ಒತ್ತಿದಂತೆ ಕೂತರೆ, ಮೊದಲ ಕಂಬದಲ್ಲಿ ಅದಕ್ಕೆ ಆಧಾರವಿದೆಯೇ ನೋಡಿ. ಆಧಾರ ಮೂರನೇ ಕಂಬದಲ್ಲಿ ಮಾತ್ರ ಸಿಕ್ಕರೆ ಆ ಓದು ಅಲ್ಲಿಗೇ ಬಿಡಿ. ಸರಿಬರಲಿಲ್ಲ ಎಂದು ಇನ್ನೊಂದು ಎಲೆ ಎತ್ತುವುದು ಮಹಾ ಕೆಟ್ಟ ಚಟ. ‘ಕ್ಲಾರಿಫೈಯರ್’ ಎಂದು ಅದಕ್ಕೊಂದು ಚಂದದ ಹೆಸರೂ ಇದೆ. ಬೇಕಾದ ಉತ್ತರ ಬರುವ ತನಕ ಎತ್ತುವುದಾದರೆ ಎಲೆಯಾದರೂ ಯಾಕೆ ಬೇಕು?

ಹಂತ 5. ಈಗ ಕೈಪಿಡಿ ತೆರೆಯಬಹುದು. ಅದರಲ್ಲಿರುವುದೇ ಅಸಲಿ ಅರ್ಥ ಎಂದು ಹೆದರಬೇಡಿ. ನಮ್ಮ ಮೈಸೂರು ಗಂಜೀಫಾದಂತೆ ಟ್ಯಾರೋ ಕೂಡ ಮೊದಲು ಆಟದ ಎಲೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಆಡುತ್ತಿದ್ದದ್ದು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲಾ ಎಂಬ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಜ್ಞಾನ ಎಂದು ಬರೆದ, ಅದಕ್ಕೆ ಆಧಾರವಿರಲಿಲ್ಲ. ವೇಟ್ ಕೊಟ್ಟ ಅರ್ಥಗಳೂ ಒಂದೇ ದಾರಿಯಲ್ಲಿಲ್ಲ: ಎಯ್ಟ್ ಆಫ್ ಕಪ್ಸ್‌ಗೆ ಸುಖದ ಲೋಟಗಳನ್ನು ಬಿಟ್ಟು ಹೋಗುವವನು ಎನ್ನುವ ಆತನೇ ಸಂತೋಷ, ಸಂಕೋಚ, ವಿನಯ ಎಂಬ ಅರ್ಥಗಳನ್ನೂ ಸೇರಿಸುತ್ತಾನೆ. ನಿಮ್ಮ ಓದು ಕೈಪಿಡಿಗೆ ಹೊಂದದಿದ್ದರೆ ಮೊದಲ ಕಂಬವನ್ನು ಇನ್ನೊಮ್ಮೆ ಪರೀಕ್ಷಿಸಿ. ಎಣಿಕೆ ತಪ್ಪಿಲ್ಲವಾದರೆ ನಿಮ್ಮದೇ ಇರಲಿ.

‘ಡೆತ್’ ಎಲೆ ಬಂದಾಗ ಗಾಬರಿಗೆ ಮೂರು ನಿಮಿಷ ಮೂವತ್ತು ಸೆಕೆಂಡಿಗೆ ಇಳಿಯುತ್ತದೆ. ಅಲ್ಲೇ ನಿಧಾನ ಬೇಕು. ಬಿಳಿ ಕುದುರೆಯ ಮೇಲಿನ ಅಸ್ಥಿಪಂಜರವನ್ನು ಬಿಟ್ಟು ಕೆಳಗಿನ ನಾಲ್ವರನ್ನು ನೋಡಿ: ರಾಜ ಬಿದ್ದಿದ್ದಾನೆ, ಪಾದ್ರಿ ಕೈ ಜೋಡಿಸಿದ್ದಾನೆ, ಹುಡುಗಿ ಮುಖ ತಿರುಗಿಸಿದ್ದಾಳೆ, ಮಗು ಮಾತ್ರ ತಲೆಯೆತ್ತಿ ನೋಡುತ್ತಿದೆ. ಕಣ್ಣು ಯಾರ ಮೇಲೆ ನಿಂತಿತು ಎಂಬುದರ ಮೇಲೆ ಓದು ಪೂರ್ತಿ ಬದಲಾಗುತ್ತದೆ. ಹಾಗೆಂದು ಕಾಯಿಲೆ, ಆಪರೇಷನ್, ಕೋರ್ಟು ಕೇಸಿನ ಪ್ರಶ್ನೆಗೆ ಎಲೆ ಎತ್ತಬೇಡಿ. ಡಾಕ್ಟರು, ವಕೀಲರು ಇದ್ದಾರೆ.

ಬೇರೆಯವರಿಗೆ ಓದುವುದಾದರೆ ನೀವು ಮೊದಲು ಬಾಯಿ ತೆರೆಯಬೇಡಿ. ಎಲೆಯನ್ನು ಅವರ ಕಡೆಗೆ ತಿರುಗಿಸಿಟ್ಟು ‘ಎಲ್ಲಿ ಕಣ್ಣು ನಿಂತಿತು, ಬೆರಳಿಡಿ’ ಎನ್ನಿ. ‘ಒಳ್ಳೇದೋ ಕೆಟ್ಟದ್ದೋ ನೀವೇ ಹೇಳಿ’ ಎನ್ನುತ್ತಾರೆ. ಗಿಳಿಶಾಸ್ತ್ರದವರ ಮುಂದೆ ಕೂತ ರೂಢಿ ಅದು. ಬೆರಳು ಎಲೆಗೆ ತಾಗುವ ತನಕ ಕಾಯಿರಿ.