ವಜ್ರದ ಸೆನ್ಸರ್ ಕೆಲಸಕ್ಕೆ ಇಳಿಯುವುದು ಹೇಗೆ?

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮಕ್ಕಳು ರಜೆಯಲ್ಲಿ ನಾನು ಊರಿಗೆ ಬಂದಾಗ ಕೇಳುವುದುಂಟು: "ಸರ್, ನಾವು ಕನ್ನಡ ಮೀಡಿಯಂ. ನಿಮ್ಮ ವಜ್ರದ ಕೆಲಸ ನಮ್ಮಿಂದ ಆಗ್ತದಾ?" ಆಗ್ತದೆ. ನಾನೂ ಹತ್ತನೆಯವರೆಗೆ ಕನ್ನಡದಲ್ಲೇ ಓದಿದವನು, ಈಗ ವಜ್ರದಿಂದ ಕಾಂತಕ್ಷೇತ್ರ ಅಳೆಯುವ ಸೆನ್ಸರಿನ ಕೆಲಸ ಮಾಡುತ್ತೇನೆ. ಆದರೆ ಥಿಯರಿಯ ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಮೊದಲು ಒಂದು ಡಿಪ್, ಅಂದರೆ ವಜ್ರದ ಹೊಳಪು ತುಸು ಕುಗ್ಗುವುದನ್ನು, ಕಣ್ಣಾರೆ ನೋಡಿ.

ಇದಕ್ಕೆ ಆಭರಣದ ಅಂಗಡಿಯ ಶುದ್ಧ ಕಲ್ಲು ಆಗುವುದಿಲ್ಲ. ನಮಗೆ ಬೇಕಾದದ್ದು ಕೊರತೆ ಇರುವ ವಜ್ರ. ಅದರಲ್ಲಿ ಒಂದು ಇಂಗಾಲದ ಜಾಗದಲ್ಲಿ ನೈಟ್ರೋಜನ್ ಕೂತಿರಬೇಕು, ಪಕ್ಕದ ಜಾಗ ಖಾಲಿ ಇರಬೇಕು. ಇದೇ ಎನ್‌ವಿ (ನೈಟ್ರೋಜನ್-ವೇಕೆನ್ಸಿ) ಸೆಂಟರ್. ನೈಟ್ರೋಜನ್ ಇರುವ ವಜ್ರಕ್ಕೆ ಎಲೆಕ್ಟ್ರಾನ್ ಹೊಡೆದು ಖಾಲಿ ಜಾಗ ಮಾಡುತ್ತಾರೆ. ಆಮೇಲೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಆ ಖಾಲಿ ಜಾಗ ಜರುಗುತ್ತಾ ಬಂದು ನೈಟ್ರೋಜನ್ ಪಕ್ಕ ನಿಲ್ಲುತ್ತದೆ. ಇಂಥದ್ದು ಸಿದ್ಧವಾಗಿಯೇ ಸಿಗುತ್ತದೆ. ಅಕ್ಕಿಕಾಳಿನಷ್ಟು ಸಾಕು.

ಅದರ ಮೇಲೆ 532 ನ್ಯಾನೋಮೀಟರಿನ ಹಸಿರು ಲೇಸರ್ ಬಿಡಿ. ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಹಾಕದೆ ಸ್ವಿಚ್ ಮುಟ್ಟಬೇಡಿ, ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ವಜ್ರ ಕೆಂಪಾಗಿ ಹೊಳೆಯುತ್ತದೆ. ಹಸಿರನ್ನು ತಡೆದು ಕೆಂಪನ್ನು ಮಾತ್ರ ಬಿಡುವ ಫಿಲ್ಟರ್ ಇಟ್ಟು ಆ ಬೆಳಕನ್ನು ಫೋಟೋಡಯೋಡಿಗೆ ಬೀಳಿಸಿ.

ಈಗ ವಜ್ರದ ಪಕ್ಕ ತೆಳು ತಾಮ್ರದ ತಂತಿಯ ಸುತ್ತಿನಲ್ಲಿ ಮೈಕ್ರೋವೇವ್ ಹರಿಸಿ, 2.80ರಿಂದ 2.94 ಗಿಗಾಹರ್ಟ್ಸ್‌ವರೆಗೆ ನಿಧಾನ ಬದಲಾಯಿಸಿ. 2.87ರ ಹತ್ತಿರ ಕೆಂಪು ಬೆಳಕು ತುಸು ಕುಗ್ಗುತ್ತದೆ. ಅದೇ ಡಿಪ್. ಒಂದೆರಡು ಶೇಕಡಾ ಅಷ್ಟೇ, ಎಷ್ಟೋ ಸಲ ಅಷ್ಟೂ ಇರುವುದಿಲ್ಲ, ನಾಯ್ಸ್‌ನಲ್ಲಿ ಮುಳುಗಿಹೋಗುತ್ತದೆ. ಮೈಕ್ರೋವೇವ್ ಹಾಕಿ, ತೆಗೆದು, ಎರಡರ ವ್ಯತ್ಯಾಸ ಅಳೆಯಿರಿ. ನನಗೆ ಮೊದಲ ಡಿಪ್ ಕಾಣಲು ಮೂರು ವಾರ ಬೇಕಾಯಿತು.

ಆಮೇಲೆ ಸಣ್ಣ ಮ್ಯಾಗ್ನೆಟ್ ಹತ್ತಿರ ತನ್ನಿ. ಡಿಪ್ ಒಡೆದು ಎರಡಾಗುತ್ತದೆ. ಎನ್‌ವಿಯ ದಿಕ್ಕಿಗೇ ಒಂದು ಗಾಸ್ (ಕಾಂತಕ್ಷೇತ್ರದ ಅಳತೆ) ಬಿದ್ದರೆ ಎರಡು ಡಿಪ್‌ಗಳ ನಡುವೆ 5.6 ಮೆಗಾಹರ್ಟ್ಸ್ ಅಂತರ. ವಜ್ರದೊಳಗೆ ಎನ್‌ವಿಗೆ ನಾಲ್ಕು ದಿಕ್ಕು ಇರುವುದರಿಂದ ಎಂಟು ಡಿಪ್ ಕೂಡ ಕಾಣಬಹುದು. ಒಮ್ಮೆ ನಮ್ಮ ಡಿಪ್ ಸುಮ್ನೆ ಜಾಗ ಬಿಟ್ಟು ಸರಿಯುತ್ತಿತ್ತು. ಲೇಸರ್, ತಂತಿ ಎಲ್ಲ ನೋಡಿದೆವು. ಕೊನೆಗೆ ಗೊತ್ತಾಯಿತು, ಹುಡುಗಿಯೊಬ್ಬಳು ಕಬ್ಬಿಣದ ಸ್ಟೂಲನ್ನು ಮೇಜಿನ ಹತ್ತಿರ ಎಳೆದು ಕೂತಾಗಲೆಲ್ಲ ಹಾಗಾಗುತ್ತಿತ್ತು. ಕಬ್ಬಿಣದಿಂದ ಕಾಂತಕ್ಷೇತ್ರದಲ್ಲಾದ ಅಷ್ಟು ಸಣ್ಣ ಬದಲಾವಣೆಯನ್ನೂ ವಜ್ರ ಕಂಡುಹಿಡಿದಿತ್ತು, ಅಲ್ವಾ! ಈ ಡಿಪ್‌ಗಳಿಗೆ ಕಾರಣ ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣ; ಇದನ್ನು ನೋಡಿದ ಮೇಲೆ ಸ್ಪಿನ್ ಪಾಠ ಓದಿ, ಬೇಗ ತಲೆಗೆ ಹತ್ತುತ್ತದೆ.

ದಾರಿ ಕೇಳಿದರೆ: ಎಲೆಕ್ಟ್ರಾನಿಕ್ಸ್ ಬಿ.ಟೆಕ್ ಒಳ್ಳೆಯ ಬುನಾದಿ, ಫಿಸಿಕ್ಸ್ ಎಂ.ಎಸ್ಸಿಯೂ ಸರಿ. ಮುಂದಕ್ಕೆ ಗೇಟ್ ಅಥವಾ ನೆಟ್ ಬರೆಯಿರಿ. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಸೆನ್ಸಿಂಗ್‌ಗೆ ಬೇರೆಯೇ ಕೇಂದ್ರವಿದೆ, ಐಐಟಿ ಬಾಂಬೆಯಲ್ಲಿ.

ಡಿಪ್ ಒಡೆದ ದಿನ ತಾರೀಕು, ಮ್ಯಾಗ್ನೆಟ್ ಎಷ್ಟು ದೂರ ಇತ್ತು, ಕೋಣೆಯ ಬಿಸಿ ಎಷ್ಟು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕನ್ನಡದಲ್ಲೇ ಬರೆಯಿರಿ. ಓಣಂ ರಜೆಗೆ ಬರುವಾಗ ತನ್ನಿ, ಕೂತು ನೋಡೋಣ.